ಪುರಭವನವೂ ಕಪ್ಪೆ ಓಣಿಯ ಅಂಗಡಿಯೂ

ಲ್ಯಾಂಕಾಶೈರ್ ಎಂದರೆ ನನಗೆ ಬಹುಕಾಲ ಎರಡು ಅಂಕದ ಪ್ರಶ್ನೆಯಾಗಿತ್ತು. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಅದರ ಹೆಸರು ಬರುತ್ತದೆ. ನಮ್ಮ ಹತ್ತಿ ಹಡಗು ಹತ್ತಿ ಅಲ್ಲಿಗೆ ಹೋಯಿತು, ಬಟ್ಟೆಯಾಗಿ ತಿರುಗಿ ಬಂತು, ನಮ್ಮ ನೇಕಾರರ ಮಗ್ಗ ನಿಂತಿತು ಎಂದು ಕರಿಹಲಗೆಯ ಮೇಲೆ ಎರಡು ಬಾಣದ ಗುರುತು ಹಾಕಿ ಹೇಳಿಬಿಟ್ಟರೆ ಆ ಪಿರಿಯಡ್ ಮುಗಿಯುತ್ತಿತ್ತು. ಬಿ.ಎಡ್. ಮುಗಿಸಿ ಶಾಲೆ ಸೇರಿದಾಗಿನಿಂದ ಇಷ್ಟನ್ನೇ ಹೇಳುತ್ತ ಬಂದಿದ್ದೆ. ಆ ಊರುಗಳಲ್ಲಿಯೂ ಹೊಟ್ಟೆಗಿಲ್ಲದ ಜನ ಇದ್ದರು, ಅವರಿಗೂ ಹೆಂಡಿರು ಮಕ್ಕಳು, ಅಂಗಡಿಯ ಸಾಲ, ಸಂಸಾರದ ತಾಪತ್ರಯ ಇದ್ದವು ಎಂಬುದು ನನ್ನ ತಲೆಗೆ ಹೋದದ್ದು ಅಂಥದೊಂದು ಊರನ್ನು ಕಣ್ಣಾರೆ ನೋಡಿದ ಮೇಲೆಯೇ.

2024ರ ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ಮಗಳ ಬಾಣಂತನಕ್ಕೆಂದು ಮ್ಯಾಂಚೆಸ್ಟರಿಗೆ ಹೋಗಿದ್ದೆ. ಕೂಸಿಗೆ ಒಂದೂವರೆ ತಿಂಗಳಾಗಿತ್ತು. ಒಂದು ಶನಿವಾರ ಮಗಳು ಹೇಳಿದಳು, "ಅವ್ವಾ, ನೀ ಬಂದಾಗಿಂದ ಅಡಿಗಿಮನಿ, ತೊಟ್ಟಿಲ ಬಿಟ್ಟು ಏನೂ ನೋಡಿಲ್ಲ. ಇಲ್ಲೇ ಹತ್ರ ರಾಚ್‌ಡೇಲ್ ಅಂತ ಊರೈತಿ. ನಿನ್ನ ಪಾಠದಾಗ ಬರ್ತೈತಲ್ಲ, ಸಹಕಾರಿ ಸಂಘ, ಅದರ ಊರು. ಟ್ರಾಮಿನ್ಯಾಗ ಹೋಗಿ ಸಂಜಿಗೆ ಬರೋಣು."

"ಬಾಣಂತಿ ಹೊರಗ ಹೊಂಟರ ನಿಮ್ಮಜ್ಜಿ ನನ್ನ ಬಿಡ್ತಾಳೇನು?" ಎಂದೆ.

"ಅಜ್ಜಿಗೆ ಯಾರು ಹೇಳ್ತಾರ?" ಎಂದು ಅಳಿಯ ನಕ್ಕರು. ಹೀಗೆ ಕೂಸಿಗೆ ಟೊಪ್ಪಿಗೆ ಬಿಗಿದು, ಮಗಳ ಕಿವಿಗೆ ಸ್ಕಾರ್ಫ್ ಕಟ್ಟಿಸಿ, ನಾಲ್ವರೂ ಹೊರಟೆವು.

ರಾಚ್‌ಡೇಲ್ ಮ್ಯಾಂಚೆಸ್ಟರಿನ ಈಶಾನ್ಯಕ್ಕೆ, ಪೆನ್ನೈನ್ ಗುಡ್ಡಗಳ ಬುಡದಲ್ಲಿದೆ. ಮೊದಲು ಉಣ್ಣೆಯ ಫ್ಲಾನೆಲ್ ಬಟ್ಟೆಗೆ ಹೆಸರಾಗಿತ್ತು. ಆಮೇಲೆ ಹತ್ತಿಯ ಗಿರಣಿಗಳು ಬಂದವು. ಈಗ ಗಿರಣಿಗಳ ಸದ್ದಿಲ್ಲ. ಊರ ನಡುವೆ ರೋಚ್ ಎಂಬ ಸಣ್ಣ ನದಿ ಹರಿಯುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಅದನ್ನು ಮುಚ್ಚಿ ಮೇಲೆ ರಸ್ತೆ ಮಾಡಿದ್ದರಂತೆ. 2016ರಲ್ಲಿ ಆ ಮುಚ್ಚಳವನ್ನು ತೆಗೆದರು. ಅಡಿಯಲ್ಲಿ ಅಡಗಿದ್ದ ಹಳೆಯ ಕಾಲದ ಕಲ್ಲಿನ ಸೇತುವೆಯೂ ಬೆಳಕು ಕಂಡಿತು. ಹೊಳೆಯನ್ನು ಮುಚ್ಚಿದ್ದು ತಪ್ಪಾಯಿತೆಂದು ಒಂದು ಊರು ಒಪ್ಪಿಕೊಂಡು ಮತ್ತೆ ತೆರೆದದ್ದನ್ನು ನಾನು ಅಲ್ಲಿಯೇ ನೋಡಿದ್ದು.

ಹೊಳೆಯ ಆಚೆ ಬಯಲು, ಬಯಲಿನ ಆಚೆ ಟೌನ್ ಹಾಲ್. ಪುರಭವನ ಎಂದು ನಾವು ಕರೆಯುವ ಕಟ್ಟಡಗಳನ್ನು ನೆನೆಸಿಕೊಂಡು ಹೋದವಳಿಗೆ ಅದು ಅರಮನೆಯಂತೆ ಕಂಡಿತು. ಚೂಪು ಕಮಾನುಗಳು, ಕೆತ್ತನೆಯ ಕಲ್ಲು, ಒಂದು ಮಗ್ಗುಲಿಗೆ ಗಡಿಯಾರದ ಎತ್ತರದ ಗೋಪುರ. ಹಿಂದಿನ ದಿಬ್ಬದ ಮೇಲೆ ಸೇಂಟ್ ಚಾಡ್ಸ್ ಚರ್ಚು. ಅಲ್ಲಿಗೆ ಏರಲು ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮೊಣಕಾಲಿನ ಮಾತು ಕೇಳಿ ಅತ್ತ ಹೋಗಲಿಲ್ಲ.

ಈ ಪುರಭವನದ ಕತೆ ಕೇಳಿದರೆ ಮನೆ ಕಟ್ಟಿಸಿದ ಹೆಣ್ಣುಮಕ್ಕಳಿಗೆಲ್ಲ ನಗು ಬಂದೀತು. ರಾಚ್‌ಡೇಲಿಗೆ ನಗರಸಭೆ ಬಂದದ್ದು 1856ರಲ್ಲಿ. ಸಭೆ ಬಂದ ಮೇಲೆ ಭವನ ಬೇಡವೇ? 1864ರಲ್ಲಿ 20,000 ಪೌಂಡಿನ ಒಳಗೆ ಕಟ್ಟಬೇಕೆಂದು ವಾಸ್ತುಶಿಲ್ಪಿಗಳಿಂದ ನಕ್ಷೆ ಕರೆದರು. ವಿಲಿಯಂ ಹೆನ್ರಿ ಕ್ರಾಸ್‌ಲ್ಯಾಂಡ್ ಎಂಬವನ ನಕ್ಷೆ ಗೆದ್ದಿತು. 1866ರ ಮಾರ್ಚ್ 31ರಂದು ಅಡಿಗಲ್ಲು ಬಿತ್ತು. ಅಲ್ಲೊಂದು ಕೋಣೆ ಇರಲಿ, ಇಲ್ಲೊಂದು ಬಣ್ಣದ ಗಾಜು ಇರಲಿ ಎನ್ನುತ್ತ 1871ರ ಸೆಪ್ಟೆಂಬರ್ 27ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಖರ್ಚು 1,60,000 ಪೌಂಡಿನ ಹತ್ತಿರ ಬಂದಿತ್ತು. ಎಣಿಸಿದ್ದರ ಎಂಟು ಪಟ್ಟು! ಮನೆ ಕಟ್ಟಿ ನೋಡು ಎಂಬ ನಮ್ಮ ಗಾದೆ ಅಲ್ಲಿನ ನಗರಸಭೆಗೂ ಸಲ್ಲುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಗೋಪುರದ ತುದಿಗೆ ಮರದ ಶಿಖರ ಮಾಡಿ, ಅದರ ಮೇಲೆ ಬಂಗಾರದ ಬಣ್ಣದ ಸೇಂಟ್ ಜಾರ್ಜನನ್ನು ನಿಲ್ಲಿಸಿದ್ದರು. ನೆಲದಿಂದ 240 ಅಡಿ ಎತ್ತರ. 1883ರ ಏಪ್ರಿಲ್ 10ರ ಬೆಳಿಗ್ಗೆ ಅದಕ್ಕೆ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗ ನಿಂತಿರುವ 190 ಅಡಿಯ ಕಲ್ಲಿನ ಗೋಪುರ ಆಲ್‌ಫ್ರೆಡ್ ವಾಟರ್‌ಹೌಸ್ ಎಂಬ ಬೇರೊಬ್ಬ ಶಿಲ್ಪಿಯದು. ಕಳೆದುಕೊಂಡ ಮೇಲೆ ಮತ್ತೆ ಕಟ್ಟುವಾಗ ಎತ್ತರ ಕಡಿಮೆ ಮಾಡಿ, ಮರ ಬಿಟ್ಟು ಕಲ್ಲು ಹಾಕಿದರು. ಬುದ್ಧಿ ಬರುವುದು ಹೀಗೆಯೇ.

ಒಳಗೆ ಹೋದರೆ ಕಾಲ ಕೆಳಗೆ ಮಿಂಟನ್ ಕಂಪನಿಯ ಬಣ್ಣದ ಹೆಂಚಿನ ನೆಲ. ಎದುರಿಗೆ ಅಗಲವಾದ ಮೆಟ್ಟಿಲು. ಮೇಲೆ ದೊಡ್ಡ ಸಭಾಂಗಣ. ಅದಕ್ಕೆ ಮರದ ತೊಲೆಗಳ ಎತ್ತರದ ಮಾಡು. ಗಾಜಿನ ಕಿಟಕಿಗಳಲ್ಲಿ ಇಂಗ್ಲೆಂಡಿನ ರಾಜರೂ ರಾಣಿಯರೂ ಸಾಲಾಗಿ ನಿಂತಿದ್ದಾರೆ. ಒಂದು ಗೋಡೆಗೆ 1215ರ ಮ್ಯಾಗ್ನಾ ಕಾರ್ಟಾದ ಚಿತ್ರ. ಜಾನ್ ದೊರೆ ತನ್ನ ಸರದಾರರಿಗೆ ಮಣಿದ ದೃಶ್ಯ; ಬರೆದವನು ಹೆನ್ರಿ ಹಾಲಿಡೇ. ನಾನು ಎಷ್ಟೋ ವರ್ಷ ಒಂದು ಅಂಕಕ್ಕೆ ಕೇಳಿದ ಪ್ರಶ್ನೆ ಗೋಡೆ ತುಂಬ ಹರಡಿಕೊಂಡಿತ್ತು. ಈ ಕಟ್ಟಡವನ್ನು ಕೆಲವು ವರ್ಷ ಮುಚ್ಚಿ, ಸುಮಾರು 2 ಕೋಟಿ ಪೌಂಡ್ ವೆಚ್ಚದಲ್ಲಿ ರಿಪೇರಿ ಮಾಡಿ, ನಾನು ಹೋಗುವ ಮುಂಚೆ, 2024ರ ಮಾರ್ಚಿನಲ್ಲಷ್ಟೇ ಮತ್ತೆ ತೆರೆದಿದ್ದರು. ಹೊಗೆಯಲ್ಲಿ ಕಪ್ಪಾಗಿದ್ದ ಚಾವಣಿಯ ಹಲಗೆಗಳು ಬಣ್ಣ ಬಣ್ಣವಾಗಿ ಹೊಳೆಯುತ್ತಿದ್ದವು. ಮುದುಕರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ತಲೆಗೆ ವಸ್ತ್ರ ಹೊದ್ದ ಹೆಣ್ಣುಮಕ್ಕಳು ತಮ್ಮ ಮನೆಯಂತೆ ಓಡಾಡಿಕೊಂಡಿದ್ದರು.

ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ನನಗೊಂದು ಲೆಕ್ಕ ಕಾಡಿತು. 1864ರಲ್ಲಿ ನಕ್ಷೆ ಕರೆದರು ಎಂದೆನಲ್ಲ, ಆಗ ಆ ಊರಿಗೆ ಬರ ಬಂದಿತ್ತು. ಮಳೆಯ ಬರವಲ್ಲ, ಹತ್ತಿಯ ಬರ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿನ ಹತ್ತಿ ಬರುವುದು ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ಪರಿಹಾರದ ಊಟಕ್ಕೆ ಕೈಯೊಡ್ಡಿದ್ದರು.

ಆಗ ಗಿರಣಿಯವರ ಕಣ್ಣು ಬಿದ್ದದ್ದು ನಮ್ಮ ಕಡೆಗೆ. ಧಾರವಾಡ ಸೀಮೆಯ ಎರೆಹೊಲದ ಹತ್ತಿಗೆ ಬೆಲೆ ಏರಿತು. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗಿಗೆ ಹಾಕಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಂಪನಿಯನ್ನೇ ಕಟ್ಟಿಕೊಂಡು ಓಡಾಡಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದಕ್ಕೆ ಈ ಹತ್ತಿಯ ದಾರಿಯೇ ಮುಖ್ಯ ಕಾರಣ. ಮುಂಬಯಿಯಿಂದ ಹೋದ ಹತ್ತಿಗೆಲ್ಲ ಅಲ್ಲಿ 'ಸೂರತ್' ಎಂದೇ ಹೆಸರು. ಎಳೆ ಗಿಡ್ಡ, ನೂಲು ಮತ್ತೆ ಮತ್ತೆ ಹರಿಯುತ್ತಿತ್ತು, ಮಾಡಿದಷ್ಟಕ್ಕೇ ಕೂಲಿ ಎಂದಮೇಲೆ ಗಳಿಕೆ ಅರ್ಧಕ್ಕಿಳಿಯುತ್ತಿತ್ತು. ಅಲ್ಲಿನ ಕೂಲಿ ಹೆಣ್ಣುಮಕ್ಕಳು ಆ ಹತ್ತಿಗೆ ಶಾಪ ಹಾಕಿದ್ದರೆ ಆಶ್ಚರ್ಯವಿಲ್ಲ. ನಮ್ಮ ಮುತ್ತಜ್ಜಿಯರು ಉಡಿಯಲ್ಲಿ ಬಿಡಿಸಿ ತಂದ ಹತ್ತಿ ಅದು. ಇತ್ತ ಬಿಡಿಸಿದವಳಿಗೂ ಅತ್ತ ನೂತವಳಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಬರ ಕಳೆದ ಕೂಡಲೇ ಎದ್ದ ಆ ಅರಮನೆಯಲ್ಲಿ ಇಬ್ಬರ ಬೆವರೂ ಇದೆ ಎಂದುಕೊಂಡೆ.

ಆ ಭವನಕ್ಕೆ ಅಡಿಗಲ್ಲು ಹಾಕಿದವನು ಅದೇ ಊರಿನ ಗಿರಣಿ ಮನೆತನದ ಜಾನ್ ಬ್ರೈಟ್; ಪಾರ್ಲಿಮೆಂಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಟೀಕಿಸಿದವನು. ಅವನ ತಮ್ಮ ಜೇಕಬ್ ಬ್ರೈಟ್ ಮಾಡಿದ್ದು ನಮಗೆ ಹೆಚ್ಚು ಬೇಕಾದ ಕೆಲಸ. 1869ರಲ್ಲಿ, ಪುರಭವನದ ಗೋಡೆ ಏಳುತ್ತಿರುವಾಗ, ನಗರಸಭೆಯ ಚುನಾವಣೆಯಲ್ಲಿ ಕರ ಕೊಡುವ ಹೆಂಗಸರಿಗೂ ಮತ ಇರಬೇಕೆಂದು ಕಾನೂನಿಗೆ ತಿದ್ದುಪಡಿ ಸೇರಿಸಿ ಗೆದ್ದ. ಸಂತೋಷವಾಯಿತೇ? ತಡೆಯಿರಿ. 1872ರಲ್ಲಿ ನ್ಯಾಯಾಲಯ ಹೇಳಿತು, ಆ ಮತ ಮದುವೆಯಾದವಳಿಗೆ ಇಲ್ಲ ಎಂದು. ಮದುವೆಯಾದ ಹೆಣ್ಣು ದುಡಿದ ಕೂಲಿ ಅವಳದೇ ಎಂದು ಕಾನೂನು ಒಪ್ಪಿದ್ದು 1870ರಲ್ಲಿ. ಉಳಿದ ಆಸ್ತಿಯೂ ಅವಳದೇ ಎಂದು ಒಪ್ಪಿದ್ದು 1882ರಲ್ಲಿ. ಅದಕ್ಕೆ ಮೊದಲು ಅವಳ ಕೈಯ ರೊಕ್ಕ ಗಂಡನದೇ. ಅಷ್ಟು ದೊಡ್ಡ ಭವನದ ಬಾಗಿಲು ತೆರೆದ ವರ್ಷದಲ್ಲಿ ಆ ಊರಿನ ಗರತಿಯರ ಸ್ಥಿತಿ ಇದು.

"ಅತ್ತೆಯವರೇ, ಇನ್ನೊಂದು ಐತಿ, ಸಣ್ಣದು" ಎಂದು ಅಳಿಯ ಎಬ್ಬಿಸಿದರು. ಅಲ್ಲಿಂದ ಸ್ವಲ್ಪ ದೂರ ನಡೆದು ಟೋಡ್ ಲೇನ್ ಎಂಬ ಓಣಿಗೆ ಬಂದೆವು. ಟೋಡ್ ಎಂದರೆ ಕಪ್ಪೆ. ಆದರೆ ಕಪ್ಪೆಗೂ ಓಣಿಗೂ ಸಂಬಂಧವಿಲ್ಲ. 'ಹಳೆ ಓಣಿ' ಎಂಬುದನ್ನು ಅಲ್ಲಿನವರು ತಮ್ಮ ಮಾತಿನಲ್ಲಿ 'ಟೌಡ್ ಲೇನ್' ಎನ್ನುತ್ತಿದ್ದರು, ಬರೆಯುವವರು ಟೋಡ್ ಮಾಡಿದರು. ನಮ್ಮೂರ ಓಣಿಗಳ ಹೆಸರು ಸರಕಾರಿ ಕಾಗದದಲ್ಲಿ ಏನೇನಾಗಿವೆ ಎಂದು ಬಲ್ಲವರಿಗೆ ಇದೇನು ಹೊಸದಲ್ಲ.

ಆ ಓಣಿಯ 31ನೆಯ ನಂಬರಿನ ಇಟ್ಟಿಗೆಯ ಕಟ್ಟಡ 1931ರಿಂದ ವಸ್ತುಸಂಗ್ರಹಾಲಯವಾಗಿದೆ. ಹಿಂದೆ ಅದೊಂದು ಉಗ್ರಾಣ. 1844ರಲ್ಲಿ 28 ಜನ, ಅವರಲ್ಲಿ ಹಲವರು ನೇಕಾರರು, ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಸಿ 28 ಪೌಂಡ್ ಮಾಡಿದರು. ವರ್ಷಕ್ಕೆ 10 ಪೌಂಡಿನಂತೆ ಕೆಳಗಿನ ಅಂತಸ್ತು ಬಾಡಿಗೆ ಹಿಡಿದರು. ಡಿಸೆಂಬರ್ 21ರ ರಾತ್ರಿ, ವರ್ಷದಲ್ಲೇ ಅತಿ ದೀರ್ಘವಾದ ಆ ಚಳಿಯ ರಾತ್ರಿ, ಅಂಗಡಿಯ ಬಾಗಿಲು ತೆರೆದರು. ಸರಕು ಎಷ್ಟು ಗೊತ್ತೇ? ನಮ್ಮ ಲೆಕ್ಕದಲ್ಲಿ ಸುಮಾರು 13 ಕೆಜಿ ಬೆಣ್ಣೆ, 25 ಕೆಜಿ ಸಕ್ಕರೆ, 300 ಕೆಜಿ ಗೋದಿ ಹಿಟ್ಟು, ಒಂದು ಚೀಲ ಓಟ್ಸ್ ಹಿಟ್ಟು, ಒಂದಿಷ್ಟು ಬತ್ತಿ. ನಮ್ಮ ಕಡೆ ಒಂದು ಮದುವೆ ಮನೆಗೆ ಸಾಲದು. ಓಣಿಯ ಹುಡುಗರು ಹೊರಗೆ ನಿಂತು ಗೇಲಿ ಮಾಡಿದರಂತೆ.

ಅಂಥ ಅಂಗಡಿಗಳನ್ನು ಅದಕ್ಕೆ ಮೊದಲೂ ಬೇರೆಯವರು ತೆರೆದಿದ್ದರು, ಬಹಳ ಉಳಿಯಲಿಲ್ಲ. ಇವರದು ಉಳಿದದ್ದು ಇವರು ಹಾಕಿಕೊಂಡ ಕಟ್ಟುಪಾಡಿನಿಂದ. ಕಲಬೆರಕೆ ಇಲ್ಲದ ಸರಕು, ಸರಿಯಾದ ತೂಕ, ಉದ್ರಿ ಇಲ್ಲ, ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ, ಲಾಭವನ್ನು ಕೊಂಡಷ್ಟಕ್ಕೆ ತಕ್ಕಂತೆ ಸದಸ್ಯರಿಗೇ ಹಂಚುವುದು. ಮುಂದೆ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲು ಓದಿಗೆಂದು ತೆಗೆದಿಟ್ಟು ವಾಚನಾಲಯ ಮಾಡಿದರು. ಹಿಟ್ಟಿನಲ್ಲಿ ಸೀಮೆಸುಣ್ಣ ಬೆರೆಸಿ ಮಾರುತ್ತಿದ್ದ ಕಾಲದಲ್ಲಿ ಶುದ್ಧ ಹಿಟ್ಟು ಎಂಬುದೇ ಒಂದು ಕ್ರಾಂತಿ. ಅದರ ಬೆಲೆ ರೊಟ್ಟಿ ಬಡಿಯುವವರಿಗೇ ಗೊತ್ತು.

ಅಲ್ಲಿ ತಕ್ಕಡಿ, ಹಿಟ್ಟಿನ ಪೀಪಾಯಿ, ಹಲಗೆಯ ಮೇಜು ನೋಡುತ್ತಿರುವಾಗ ಅಲ್ಲಿದ್ದ ಒಬ್ಬ ಹಿರಿಯ ಹೆಂಗಸು ಮಗಳ ಕೂಸನ್ನು ಮಾತಾಡಿಸಲು ಬಂದರು. ನಾನು ಇತಿಹಾಸದ ಟೀಚರು ಎಂದು ತಿಳಿದು, "ನಮ್ಮ ಮೊದಲ ಹೆಣ್ಣು ಸದಸ್ಯೆಯ ಹೆಸರು ಗೊತ್ತೇ? ಎಲೈಜಾ ಬ್ರೈಯರ್ಲಿ. 1846ರಲ್ಲಿ" ಎಂದರು. ಅಂಗಡಿ ತೆರೆದ ಎರಡೇ ವರ್ಷಕ್ಕೆ! ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. 1858ರಲ್ಲಿ ಜಾರ್ಜ್ ಜೇಕಬ್ ಹೋಲಿಯೋಕ್ ಈ ಸಂಘದ ಚರಿತ್ರೆ ಬರೆದಾಗ ಇದನ್ನು ಕಂಡು ಬರೆದಿದ್ದಾನೆ. ಗಂಡ ಕುಡಿದು ಹಾಳುಮಾಡಬಾರದೆಂದು ಎಷ್ಟೋ ಗೃಹಿಣಿಯರು ತಮ್ಮ ಹೆಸರಿಗೆ ಸದಸ್ಯರಾಗಿದ್ದರು. ಹೆಂಡತಿಯ ಹೆಸರಿನಲ್ಲಿರುವ ಹಣವನ್ನು ಅವಳ ಸಹಿ ಇಲ್ಲದೆ ಗಂಡ ತೆಗೆಯುವಂತಿರಲಿಲ್ಲ. ದೇಶದ ಕಾನೂನು ಇದನ್ನು ಒಪ್ಪುವುದಕ್ಕೆ ಇನ್ನೂ ಎಷ್ಟೋ ವರ್ಷವಿತ್ತು. ಈ ಸಣ್ಣ ಅಂಗಡಿಯ ಪುಸ್ತಕ ಆಗಲೇ ಒಪ್ಪಿತ್ತು.

ನನ್ನ ಗಂಟಲು ಕಟ್ಟಿತು. ಮಗಳು, "ಯಾಕವ್ವಾ?" ಎಂದಳು. ಅವಳಿಗೆ ಹೇಳಿರದ ಒಂದು ಸಂಗತಿ ನನ್ನಲ್ಲಿತ್ತು.

ನನ್ನ ಅವ್ವ ಒಂದು ಎಮ್ಮೆ ಕಟ್ಟಿಕೊಂಡು, ಬೆಣ್ಣೆ ಮಾರಿ, ನನ್ನ ಬಿ.ಎಡ್.ಗೆಂದು ರೊಕ್ಕ ಕೂಡಿಸುತ್ತಿದ್ದಳು. 1990ರ ಸುಮಾರಿನ ಮಾತು. ಊರಲ್ಲಿದ್ದ ಒಂದು ಸಂಘದಲ್ಲಿ ಅದನ್ನು ಇಡಲು ಹೋದಾಗ ಅಲ್ಲಿನ ಗುಮಾಸ್ತ, "ಹೆಣ್ಮಕ್ಕಳ ಹೆಸರಿಗ್ಯಾಕಬೇ, ಯಜಮಾನ್ರ ಹೆಸರಿಗೇ ಇರ್ಲಿ, ನಾಳೆ ಓಡ್ಯಾಡೂದು ತಪ್ಪತೈತಿ" ಎಂದ. ಅವ್ವನಿಗೂ ಅದು ತಪ್ಪೆನಿಸಲಿಲ್ಲ. ಮೂರು ವರ್ಷದಲ್ಲಿ 4,200 ರೂಪಾಯಿ ಆಗಿತ್ತು. ಕಾಕಾನ ಸಾಲಕ್ಕೆ ಅಪ್ಪ ಜಾಮೀನು ನಿಂತಿದ್ದ. ಒಂದು ದಿನ ಅಪ್ಪ ಹೋಗಿ ಅಷ್ಟನ್ನೂ ತೆಗೆದುಕೊಟ್ಟ. ಅಪ್ಪ ಕೆಟ್ಟವನಲ್ಲ, ಕುಡಿಯುವವನೂ ಅಲ್ಲ. ತಮ್ಮನ ಮಾನ ಉಳಿಸಿದೆ ಎಂದುಕೊಂಡ. ಅವ್ವನನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ಅವ್ವ ಸಂಘಕ್ಕೆ ಹೋಗಿ ಕೇಳಿದಳು. ಗುಮಾಸ್ತ ಪುಸ್ತಕ ತಿರುಗಿಸಿ ತೋರಿಸಿದ. ಅವಳಿಗೆ ಓದು ಬರದು. ಆದರೆ ಅಲ್ಲಿ ತನ್ನ ಹೆಸರಿಲ್ಲ ಎಂಬುದು ಅವಳಿಗೆ ತಿಳಿಯಿತು. ಮರುವಾರ ಕೈಯಲ್ಲಿನ ಪಾಟಲಿ ಮಾರಿ ನನ್ನ ಫೀ ತುಂಬಿದಳು. ಯಾರಿಗೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಒಮ್ಮೆ, "ಹೆಸರು ನಂದಿರಲಿಲ್ಲಬೇ" ಎಂದಿದ್ದಳು.

ಟ್ರಾಮಿನಲ್ಲಿ ಬರುವಾಗ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಸಹಕಾರದ ಮಾತು ನಮ್ಮ ನಾಡಿಗೆ ಬಂದ ಬಗೆಯೂ ಆಗ ನೆನಪಾಯಿತು. ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಂಘ ಕಟ್ಟಿದರು. 1904ರ ಕಾಯ್ದೆಯ ಅಡಿಯಲ್ಲಿ ದೇಶದಲ್ಲೇ ಮೊದಲ ಸಂಘವೆಂದು ಅದಕ್ಕೆ ಹೆಸರು. ರೈತರಿಗೆ ಸಾಲ ಕೊಡುವ ಆ ಮಾದರಿ ಬಂದದ್ದು ಜರ್ಮನಿಯ ರೈಫೈಸನ್ ಎಂಬವನ ಸಂಘಗಳಿಂದ. ಆದರೆ ಕೂಡಿ ಬಾಳುವ ಮಾತಿನಲ್ಲಿ ಅವೂ ಟೋಡ್ ಲೇನಿನ ಅಂಗಡಿಯ ದಾಯಾದಿಗಳೇ. ಸಂಘ ಒಳ್ಳೆಯದೇ, ಕಾಯ್ದೆಯೂ ಒಳ್ಳೆಯದೇ. ಪುಸ್ತಕದಲ್ಲಿ ಯಾರ ಹೆಸರು ಬರೆಯುತ್ತಾರೆ ಎಂಬಲ್ಲಿ ಅವ್ವನಂಥವರ ಪಾಲಿಗೆ ಅದರ ಒಳ್ಳೆಯದು ಕೆಟ್ಟದ್ದು ತೀರ್ಮಾನವಾಗುತ್ತದೆ.

ಹಾಗೆಂದು ಆ ಪುರಭವನವನ್ನು ನಾನು ಹಳಿಯಲಾರೆ. ಸುಟ್ಟ ಮೇಲೆ ಮತ್ತೆ ಕಟ್ಟಿದ್ದಾರೆ, ಕಪ್ಪಾದ ಮೇಲೆ ತೊಳೆದಿದ್ದಾರೆ, ಬಾಗಿಲು ತೆರೆದಿಟ್ಟಿದ್ದಾರೆ. ನನ್ನಂಥ ಪರದೇಶದ ಹೆಂಗಸು ಮೆಟ್ಟಿಲ ಮೇಲೆ ಕೂತರೂ ಯಾರೂ ಏಳಿ ಎನ್ನಲಿಲ್ಲ. ದೊಡ್ಡ ಭವನ ಊರಿನ ಹೆಮ್ಮೆಗೆ ಬೇಕು. ಆದರೆ ಮಕ್ಕಳಿಗೆ ಒಂದೇ ಕಟ್ಟಡ ತೋರಿಸುವಷ್ಟು ಹೊತ್ತಿದ್ದರೆ ನಾನು ಕಪ್ಪೆ ಓಣಿಗೇ ಕರೆದೊಯ್ಯುತ್ತೇನೆ. ಈಗ ಶಾಲೆಯಲ್ಲಿ ಆ ಪಾಠ ಬಂದಾಗ ಬಾಣದ ಗುರುತಿನ ಪಕ್ಕದಲ್ಲಿ ಎಲೈಜಾ ಬ್ರೈಯರ್ಲಿ, 1846 ಎಂದು ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಎಂದು ಹುಡುಗಿಯರು ಕೇಳುತ್ತಾರೆ. ಬರುವುದಿಲ್ಲ, ಬರೆದುಕೊಳ್ಳಿ ಎನ್ನುತ್ತೇನೆ.

ಅಂದು ರಾತ್ರಿ ಅವ್ವನಿಗೆ ಫೋನು ಮಾಡಿದೆ. ಬಾಣಂತಿ ಹೊರಗೆ ಹೋದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅರಮನೆಯಂಥ ಭವನದ ಸುದ್ದಿಗೆ ಹೂಂ ಎಂದಳು. ಅಂಗಡಿಯ ಸುದ್ದಿ ಬಂದಾಗ, ಸಹಿಯ ಮಾತು ಬಂದಾಗ, ಸುಮ್ಮನಾದಳು. ಆಮೇಲೆ, "ಅಲ್ಲೂ ಹಂಗ ಇತ್ತೇನು?" ಎಂದಳು.

"ಹಂಗ ಇತ್ತವ್ವಾ."

"ಮೊದಲು ಹೆಸರು ಬರೆಸಿದಾಕಿ ಯಾರಂದಿ?"

"ಎಲೈಜಾ."

"ಯಲ್ಲವ್ವ" ಎಂದಳು ಅವ್ವ, ತನಗೆ ಕೇಳಿಸಿದಂತೆ. "ಶಾಣ್ಯಾಕಿ."